ಬೀದಿ ದಾಟಿದ ಕೇಬಲ್ಲು

ನಮ್ಮೂರಿನ ಮನೆಗಳಿಗೆ ಹೋದರೆ ಗೋಡೆಯ ಮೇಲೆ ತೂಗುಹಾಕಿರುವ ಹಿರಿಯರೆಲ್ಲ ಖಾಲಿ ಕುರ್ಚಿಗಳೇ. ಕಟ್ಟು ಹಾಕಿಸಿ, ಗಂಧದ ಹಾರ ತೊಡಿಸಿ, ಗಾಜಿಗೆ ಕುಂಕುಮ ಇಟ್ಟಿರುತ್ತಾರೆ. "ಇವರು ನಮ್ಮ ತಾತ. ಏನು ಗತ್ತಾಗಿ ಕೂತಿದಾರೆ ನೋಡಿ" ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಹೊರಗಿನಿಂದ ಬಂದವರು ಕುರ್ಚಿಯ ಕೆತ್ತನೆಯನ್ನು ಹೊಗಳಿ ಕಾಫಿ ಕುಡಿದು ಹೋಗುತ್ತಾರೆ. ನಮ್ಮೂರಿನಲ್ಲಿ ಫೋಟೋ ತೆಗೆದ ಗಳಿಗೆಯಲ್ಲೇ, ಅದರಲ್ಲಿರುವವರನ್ನು ಚೆನ್ನಾಗಿ ಬಲ್ಲವರೊಬ್ಬರು ಆ ಫೋಟೋವನ್ನು ನೋಡಿ 'ಹೌದು, ಇವರೇ' ಅನ್ನಬೇಕು. ಇಲ್ಲವಾದರೆ ಮನುಷ್ಯ ಉಟ್ಟಬಟ್ಟೆಯ ಸಮೇತ ಹೊರಟುಹೋಗುತ್ತಾನೆ, ಕುರ್ಚಿ ಉಳಿಯುತ್ತದೆ. ರೀಲಿನ ಕಾಲದಲ್ಲಿ ತೊಳೆದು ಒಣಗಿಸುವಷ್ಟರಲ್ಲಿ ವಾರ ಕಳೆಯುತ್ತಿತ್ತಾದ್ದರಿಂದ ಯಾರೂ ಫೋಟೋದಲ್ಲಿ ನಿಲ್ಲಲಿಲ್ಲ. ದನ, ಮರ, ಸೈಕಲ್ಲುಗಳಿಗೆ ಈ ತೊಂದರೆ ಇಲ್ಲ. ಅವುಗಳ ಫೋಟೋ ನಮ್ಮಲ್ಲಿ ಬಹಳ ಚೆನ್ನಾಗಿ ಬರುತ್ತದೆ.

ನಾನು ಫಾಲಾಕ್ಷ, ತ್ರಿನೇತ್ರ ಸ್ಟುಡಿಯೋದ ಮಾಲೀಕ. ಹಣೆಯಲ್ಲಿ ಇನ್ನೊಂದು ಕಣ್ಣಿದ್ದ ದೇವರ ಹೆಸರನ್ನು ಅಪ್ಪ ನನಗಿಟ್ಟ. ಅದೇ ಧೈರ್ಯದ ಮೇಲೆ ನಾನು ಈ ಕಸುಬಿಗೆ ಇಳಿದೆ. ಇರುವ ಎರಡರಿಂದಲೇ ಸರಿಯಾಗಿ ನೋಡುತ್ತಿಲ್ಲವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಊರಿನ ಜನರನ್ನು ಮೊದಲ ಬಾರಿಗೆ ಫೋಟೋದಲ್ಲಿ ಕೂರಿಸಿದವನು ನಾನೇ. ಹೊಸ ಕ್ಯಾಮೆರಾ ಬಂದಾಗ ಅದರ ಬೆನ್ನಿನ ಪುಟ್ಟ ಪರದೆಯಲ್ಲೇ ನೆಂಟರಿಗೆ ತೋರಿಸಿ ನೋಡಿದೆ. ಹೆಬ್ಬೆರಳಗಲದ ಪರದೆಯಲ್ಲಿ ಗುರುತು ಹಿಡಿದದ್ದಕ್ಕೆ ಕಿವಿಯಿಲ್ಲದ ಜನ ಬಂದರು. ಆಮೇಲೆ ಕ್ಯಾಮೆರಾಕ್ಕೊಂದು ಕೇಬಲ್ಲು ಸಿಕ್ಕಿಸಿ ಕಂಪ್ಯೂಟರಿಗೆ ಎಳೆದೆ. ಇಲ್ಲಿ ಕ್ಲಿಕ್ಕೆಂದರೆ ಅಲ್ಲಿ ತಟ್ಟೆಯಗಲದ ಮುಖ. ಒಳಕೋಣೆಯಲ್ಲಿ ಫೋಟೋಕ್ಕೆ ಕೂರುವವರು, ಹೊರಕೋಣೆಯ ಕಂಪ್ಯೂಟರಿನ ಮುಂದೆ ಅವರನ್ನು ಬಲ್ಲವರು, ನಡುವೆ ಬಾಗಿಲ ಸಂದಿಯಲ್ಲಿ ಕಿತ್ತಳೆ ಬಣ್ಣದ ಕೇಬಲ್ಲು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಟ್ಟರೆ "ಕಾಲರ್ ಸರಿ ಮಾಡ್ಕೋ", "ಹಲ್ಲು ಕಾಣಿಸ್ಬೇಡ" ಎಂದು ನನ್ನ ಕಲೆಯನ್ನು ಕೆಡಿಸುತ್ತಿದ್ದರು. ಹಾಗಾಗಿ ಹೊರಬಾಗಿಲಿಗೆ 'ನೋಡುವವರು ಮಾತಾಡಬಾರದು' ಎಂದು ಬೋರ್ಡು ಬರೆಸಿ ಹಾಕಿದ್ದೆ.

ಜನ ಇದಕ್ಕೂ ಒಗ್ಗಿಕೊಂಡರು. ಪರೀಕ್ಷೆಯ ಫೋಟೋಕ್ಕೆ ಮಕ್ಕಳು ತಾಯಂದಿರನ್ನು ಕರೆತಂದರು. ಸೊಸೆಯನ್ನು ನೋಡಲು ಅತ್ತೆ ಕೂತರೆ ಒಮ್ಮೊಮ್ಮೆ ಬರೀ ನಾಲಿಗೆ ಬರುತ್ತಿತ್ತು. ಆಗ ತವರಿನವರಿಗೆ ಹೇಳಿ ಕಳಿಸುತ್ತಿದ್ದೆವು. ಒಬ್ಬ ಮಹನೀಯರಂತೂ ಹೆಂಡತಿ ಕೂತಾಗ ಅರ್ಧ ಬಂದು, ಹಿಂದಿನ ಬೀದಿಯ ಒಬ್ಬಾಕೆ ಕೂತಾಗ ಪೂರ್ತಿ ಬಂದರು. ನಾನು ಬಾಯಿ ಬಿಡಲಿಲ್ಲ, ಊರೇ ಬಿಟ್ಟಿತು.

ಹೀಗಿರುವಾಗ ಪುರಭವನದ ಕಾರ್ಯದರ್ಶಿ ಚಂದ್ರಮೌಳಿಯವರು ಸ್ಟುಡಿಯೋಗೆ ಬಂದರು. ಹೊಸ ಸಭಾಂಗಣದ ಗೋಡೆಗೆ ಊರಿಗೆ ಉಪಕಾರ ಮಾಡಿದವರ ಭಾವಚಿತ್ರಗಳನ್ನು ಹಾಕುತ್ತಿದ್ದಾರಂತೆ. "ಎಲ್ಲರ ಮುಖ ಉಳಿಸಿದ ನಿಮ್ಮದೂ ಒಂದು ಇರಬೇಕು ಅಂತ ಸಮಿತಿ ತೀರ್ಮಾನ ಮಾಡಿದೆ. ಭಾನುವಾರ ಉದ್ಘಾಟನೆ" ಎಂದರು. ನಾನು ಬೇಡ ಬೇಡ ಎಂದೆ. ಎಲ್ಲಿ ಎದ್ದು ಹೋಗಿಬಿಡುತ್ತಾರೋ ಎಂದು ಅವರ ಕೈ ಹಿಡಿದುಕೊಂಡೇ ಬೇಡವೆಂದೆ. ಅವರು ಹೋದ ಮೇಲೆ ಕನ್ನಡಿ ನೋಡಿಕೊಂಡೆ. ಆಗ ಹೊಳೆಯಿತು, ನನ್ನದೇ ಒಂದು ಫೋಟೋ ನನ್ನ ಬಳಿ ಇರಲಿಲ್ಲ.

ಬಲ್ಲವರಿಗೇನು ಕೊರತೆ, ಇಡೀ ಊರೇ ನನ್ನನ್ನು ಬಲ್ಲದು ಎಂದುಕೊಂಡೆ. ಮೊದಲು ಸಲೂನಿನ ಸಂಜೀವಪ್ಪನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ನಾನು ಕುರ್ಚಿಯಲ್ಲಿ ಗಲ್ಲಕ್ಕೆ ಕೈಯಿಟ್ಟು ಕೂತೆ. ಹೋಗಿ ನೋಡಿದರೆ ಕುರ್ಚಿಯ ಮೇಲೆ ಗಾಳಿಯಲ್ಲಿ ಒಂದು ಮೀಸೆ, ಅದರ ಮೇಲೆ ಒಂದು ನೆತ್ತಿ. ನೆತ್ತಿಯಲ್ಲಿ ಕೂದಲು ಎಷ್ಟು ಕಡಿಮೆಯಾಗಿದೆಯೆಂದು ನನಗೆ ಗೊತ್ತಾದದ್ದೇ ಆಗ. ದರ್ಜಿ ಇಬ್ರಾಹಿಂ ಸಾಬರು ಕೂತರು. ಹೆಗಲಿನ ಅಳತೆ ಬಂತು, ಸೊಂಟ ಬಂತು, ಮೇಲೆ ಏನೂ ಇಲ್ಲ. ಹೋಟೆಲಿನವರಿಗೆ ನನ್ನ ಹೊಟ್ಟೆ ಮಾತ್ರ ಗೊತ್ತಿತ್ತು. ಕೊನೆಗೆ ನನ್ನಿಂದ ಮದುವೆ ಫೋಟೋ ತೆಗೆಸಿಕೊಂಡಿದ್ದ ಗಂಡಹೆಂಡಿರನ್ನು ಕರೆತಂದೆ. ಅವರು ಬಹಳ ಭಕ್ತಿಯಿಂದ ನೋಡಿದರು. ಮುಚ್ಚಿದ ಒಂದು ಎಡಗಣ್ಣು ಬಂತು. ಮಿಕ್ಕ ಮುಖವನ್ನು ಅವರು ನೋಡಿಯೇ ಇರಲಿಲ್ಲ, ಅಲ್ಲಿ ಯಾವಾಗಲೂ ಕ್ಯಾಮೆರಾ ಇರುತ್ತಿತ್ತು.

"ಇದಕ್ಕೆಲ್ಲಾ ಊರೆಲ್ಲಾ ಯಾಕ್ ಸುತ್ತೀರಾ ಫಾಲಾಕ್ಷಣ್ಣ, ಎದುರುಗಡೆ ನಿಮ್ಮ ಮನೆಯಮ್ಮೋರೇ ಇದಾರಲ್ಲ" ಎಂದ ಸಂಜೀವಪ್ಪ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವನ ಕಥೆ ನನ್ನದಾಗಿತ್ತು. ಸ್ಟುಡಿಯೋದ ಎದುರಿಗೇ, ಬೀದಿಯ ಆಚೆ ಬದಿಗೆ, ನನ್ನ ಹೆಂಡತಿ ನೀಲಾಂಬಿಕೆಯ ಹಿಟ್ಟಿನ ಮಿಲ್ಲು. ಅವಳ ಅಪ್ಪನಿಂದ ಬಂದದ್ದು. ನಾನು ಏಳುವ ಮೊದಲೇ ಅವಳು ಮಿಲ್ಲಿನ ಬಾಗಿಲು ತೆಗೆದಿರುತ್ತಾಳೆ. ಮಧ್ಯಾಹ್ನ ಬಂದು ಊಟ ಬಡಿಸಿ ಮತ್ತೆ ಹೋಗುತ್ತಾಳೆ. ನಾನು ಉಣ್ಣುತ್ತಾ ಹಿಂದಿನ ದಿನದ ಫೋಟೋಗಳನ್ನು ನೋಡುತ್ತಿರುತ್ತೇನೆ. ಮದುವೆಯಾದ ಹೊಸತರಲ್ಲಿ ಅವಳು, "ನಮ್ಮಮ್ಮ ಬರೀ ಕುರ್ಚಿಯಾಗಿ ಉಳಿದ್ರು. ನನ್ನದೊಂದು ಫೋಟೋ ತೆಗೀರಿ" ಎಂದಿದ್ದಳು. "ನಿನ್ನದೇನು, ಮನೆಯವಳು, ಯಾವಾಗ ಬೇಕಾದ್ರೂ ತೆಗೀಬಹುದು" ಎಂದಿದ್ದೆ. ಯಾವಾಗ ಬೇಕಾದರೂ ಆಗುವ ಕೆಲಸ ಯಾವಾಗಲೂ ಆಗಲಿಲ್ಲ. ಅವಳು ಕೇಳುವುದನ್ನೂ ಬಿಟ್ಟಿದ್ದಳು.

ಮಿಲ್ಲಿಗೆ ಹೋಗಿ, ಸದ್ದಿನ ನಡುವೆ ಕೂಗಿ ವಿಷಯ ಹೇಳಿದೆ. "ಒಂದು ಗಳಿಗೆ ಬಂದು ಕೂತು ಹೋಗು, ನೀಲಾ. ನೀನು ನೋಡಿದರೆ ನಾನು ಪೂರ್ತಿ ಬರ್ತೀನಿ."

ಅವಳು ಹಿಟ್ಟು ಬೀಳುವ ಚೀಲವನ್ನು ತಟ್ಟುತ್ತಾ, "ಮಿಲ್ ಬಿಟ್ಟು ಎಲ್ರೀ ಬರಲಿ? ಸಾಲು ನೋಡಿ" ಎಂದಳು. ಡಬ್ಬಿ, ಚೀಲಗಳ ಸಾಲು ಬೀದಿಯವರೆಗೂ ಇತ್ತು.

"ಎದುರಿಗೇ ಇದೆಯಲ್ಲ, ಹತ್ತು ಹೆಜ್ಜೆ."

"ಹೌದು, ಹತ್ತೇ ಹೆಜ್ಜೆ. ನೀವೆಷ್ಟು ಸಲ ಬಂದಿದೀರಾ ಈ ಕಡೆ?" ಎಂದಳು. ಸಿಟ್ಟಿನಿಂದಲ್ಲ, ರಾಗಿಯ ತೂಕ ಕೇಳಿದಷ್ಟೇ ಸಹಜವಾಗಿ. ಚೀಲವನ್ನು ಇನ್ನೊಮ್ಮೆ ತಟ್ಟಿ, "ನಾನು ಬರಲ್ಲ. ನಿಮ್ಮ ಕೇಬಲ್ ಬರಲಿ. ಇಲ್ಲೇ ಕೂತು ನೋಡ್ತೀನಿ. ಆದರೆ ಒಂದು ಮಾತು. ನಿಮ್ಮದಾದ ಮೇಲೆ ನನ್ನದೂ ಒಂದು ತೆಗೀಬೇಕು. ನೀವೇ ನೋಡಬೇಕು" ಎಂದಳು.

"ಅಷ್ಟೇನಾ!" ಎಂದೆ. ಈ 'ಅಷ್ಟೇನಾ'ವನ್ನು ನಾನು ಈಗಲೂ ಕೆಲವು ಸಲ ನೆನೆಸಿಕೊಂಡು ನಾಚುತ್ತೇನೆ.

ಸಾಲಿನಲ್ಲಿ ಮೊದಲಿಗೆ ಕೂತಿದ್ದ ಹೊನ್ನಜ್ಜಿ (ಅವಳಿಲ್ಲದೆ ಆ ಮಿಲ್ಲಿನಲ್ಲಿ ಯಾವ ಕಾಳೂ ಹಿಟ್ಟಾಗುವುದಿಲ್ಲ) "ಅದ್ಯಾಕಪ್ಪಾ ಅಷ್ಟುದ್ದ ದಾರ? ಆ ಕ್ಯಾಮ್ರಾನೇ ಎತ್ಕಂಬಂದು ಇಲ್ಲೇ ಕುಂತ್ಕಂಡ್ರೆ ಆಗಾಕಿಲ್ವಾ?" ಎಂದಳು. ನಾನು ಅವಳಿಗೆ ಬೆಳಕಿನ ಬಗ್ಗೆ, ನೆರಳಿನ ಬಗ್ಗೆ, ಹಂಸಗಳು ಈಜುವ ಕೊಳವನ್ನು ಬರೆಸಿದ ನನ್ನ ಹಿಂಬದಿಯ ಬಟ್ಟೆ ಪರದೆಯ ಬಗ್ಗೆ, ಹಿಟ್ಟಿನ ಧೂಳು ಲೆನ್ಸಿಗೆ ಮಾಡುವ ಅನಾಹುತದ ಬಗ್ಗೆ ಸಣ್ಣದೊಂದು ಭಾಷಣ ಮಾಡಿದೆ. ಅವಳು ಪೂರ್ತಿ ಕೇಳಿ, "ಆಗಾಕಿಲ್ಲ ಅಂದ್ರೆ ಆಗಾಕಿಲ್ಲ ಅನ್ನಪ್ಪ" ಎಂದು ಎಲೆಅಡಿಕೆ ಹಾಕಿಕೊಂಡಳು.

ಕೇಬಲ್ಲಿಗೊಂದು ಸ್ವಭಾವವಿದೆ. ಒಂದು ಕೋಣೆಯುದ್ದ ಚುರುಕಾಗಿ ಓಡುತ್ತದೆ, ಅದಕ್ಕಿಂತ ಉದ್ದ ಎಳೆದರೆ ದಣಿಯುತ್ತದೆ. ದಣಿದ ಕೇಬಲ್ಲಿನ ಆಚೆ ತುದಿಯಲ್ಲಿರುವ ಕಂಪ್ಯೂಟರಿಗೆ ಕ್ಯಾಮೆರಾ ಇದೆಯೆಂಬುದೇ ಮರೆತುಹೋಗುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಬೂಸ್ಟರೆಂಬ ಪುಟ್ಟ ಡಬ್ಬಿಗಳನ್ನು ಸಿಕ್ಕಿಸಿ, ಅವಕ್ಕೂ ಕರೆಂಟು ಕೊಟ್ಟು, ಅದಕ್ಕೆ ಚೈತನ್ಯ ತುಂಬಬೇಕು. ನಾನು ಪೇಟೆಯಿಂದ ಬೂಸ್ಟರುಗಳನ್ನೂ ಕೇಬಲ್ಲುಗಳನ್ನೂ ತರಿಸಿ ಒಂದಕ್ಕೊಂದು ಗಂಟುಹಾಕಿದೆ. ಸ್ಟುಡಿಯೋದ ಬಾಗಿಲಿನಿಂದ ಇಬ್ರಾಹಿಂ ಸಾಬರ ಅಂಗಡಿಯ ಕಿಟಕಿಗೆ, ಅಲ್ಲಿಂದ ಬೀದಿ ದಾಟಿ ಮಿಲ್ಲಿಗೆ. ಬೀದಿಯ ನಡುವೆ ಕೇಬಲ್ಲು ಜೋತುಬೀಳುತ್ತಿತ್ತಾದ್ದರಿಂದ ಸಂಜೀವಪ್ಪ ಬಿದಿರಿನ ಗಳದಿಂದ ಅದನ್ನು ಎತ್ತಿಹಿಡಿದು ನಿಂತ. ಆಟೋ ಬಂದರೆ ಗಳ ಮೇಲೆ, ಎಮ್ಮೆ ಬಂದರೆ ಎಮ್ಮೆ ತಾನೇ ನಿಂತು ನೋಡುತ್ತಿತ್ತು. ಕ್ಯಾಮೆರಾದ ಬಳಿ ಕೇಬಲ್ಲು ಕಿತ್ತುಬರಬಾರದೆಂದು ಸ್ಟ್ಯಾಂಡಿನ ಕಾಲಿಗೆ ನೀಲಳ ತಲೆಗೂದಲಿನ ರಬ್ಬರ್ ಬ್ಯಾಂಡಿನಿಂದ ಬಿಗಿದೆ. ಕಂಪ್ಯೂಟರನ್ನು ಅವಳ ಹಳೆಯ ಸೀರೆಯೊಂದರಲ್ಲಿ ಸುತ್ತಿ, ಪರದೆಯೂ ಕೀಲಿಮಣೆಯೂ ಮಾತ್ರ ಕಾಣುವಂತೆ, ಮಿಲ್ಲಿನ ತಕ್ಕಡಿಯ ಪಕ್ಕದಲ್ಲಿಟ್ಟೆ.

ಕ್ಯಾಮೆರಾ ಸಿಕ್ಕರೆ ಕಂಪ್ಯೂಟರು 'ಟಿಣ್' ಎನ್ನುತ್ತದೆ, ಕಳೆದುಹೋದರೆ 'ಟುಣ್' ಎನ್ನುತ್ತದೆ. ಆ ಬೆಳಿಗ್ಗೆಯೆಲ್ಲ ಟಿಣ್ ಟುಣ್, ಟಿಣ್ ಟುಣ್. ಮಿಲ್ಲಿನ ಮೋಟಾರು ಶುರುವಾದೊಡನೆ ಬೀದಿಯ ಅಂಗಡಿಗಳ ದೀಪಗಳೆಲ್ಲ ಮಂಕಾಗಿ ಬೂಸ್ಟರುಗಳು ಉಸಿರು ಬಿಡುತ್ತಿದ್ದವು. ಕಡೆಗೆ ನೀಲ ಮಿಲ್ಲನ್ನೇ ನಿಲ್ಲಿಸಿದಳು. ಸಾಲಿನವರು ಗೊಣಗಿದರು, ಆದರೆ ಯಾರೂ ಡಬ್ಬಿ ಎತ್ತಿಕೊಂಡು ಹೋಗಲಿಲ್ಲ. ಎಲ್ಲರೂ ಕಂಪ್ಯೂಟರಿನ ಹಿಂದೆ ಬಂದು ನಿಂತರು. ಕೀಲಿಮಣೆಯ ಉದ್ದನೆಯ ಗುಂಡಿಯನ್ನು ಒತ್ತಿದರೆ ಸ್ಟುಡಿಯೋದಲ್ಲಿ ಕ್ಯಾಮೆರಾ ತಾನೇ ಕ್ಲಿಕ್ಕೆನ್ನುತ್ತದೆಂದು ನೀಲಳಿಗೆ ತೋರಿಸಿಕೊಟ್ಟೆ. "ನಾನು ಕೈ ಎತ್ತಿದ ಮೇಲೆ ಒತ್ತು" ಎಂದೆ. "ಕೈ ಎತ್ತಿದ್ದು ನನಗೆ ಹೇಗ್ರೀ ಕಾಣುತ್ತೆ?" ಎಂದಳು. ಅದನ್ನು ನಾನು ಯೋಚಿಸಿರಲಿಲ್ಲ. ಸಂಜೀವಪ್ಪ ನೋಡಿ ಕೂಗುವುದೆಂದಾಯಿತು.

ಕೊಳದ ಮುಂದೆ, ಹಂಸಗಳ ನಡುವೆ, ಮದುವೆಯ ಕೋಟು ತೊಟ್ಟು ಗಲ್ಲಕ್ಕೆ ಕೈಯಿಟ್ಟು ಕೂತೆ. ಕ್ಲಿಕ್. ಬೀದಿಯಾಚೆಯಿಂದ ನೀಲಳ ದನಿ ಬಂತು: "ಕುರ್ಚಿ ಬಂತು ರೀ!" ಓರೆಯಾಗಿ ಕೂತು ದೂರವನ್ನು ದಿಟ್ಟಿಸಿದೆ. "ಕುರ್ಚಿ!" ಕೈಯಲ್ಲಿ ಪುಸ್ತಕ ಹಿಡಿದೆ. "ಕುರ್ಚಿ, ಪುಸ್ತಕ!" ನನಗೆ ಭಯವಾಯಿತು. ಹೆಂಡತಿಯೂ ನನ್ನನ್ನು ಗುರುತಿಸದಿದ್ದರೆ ಇನ್ನು ಯಾರು? ಭಾನುವಾರ ಸಭಾಂಗಣದಲ್ಲಿ ಎಲ್ಲರ ಮುಖಗಳ ನಡುವೆ ಫೋಟೋದವನದ್ದೇ ಖಾಲಿ ಕುರ್ಚಿ ತೂಗುತ್ತಿರುವುದು ಕಣ್ಣಿಗೆ ಕಟ್ಟಿತು. "ಸರಿಯಾಗಿ ನೋಡು ನೀಲಾ, ನಾನೇ!" ಎಂದು ಬಾಗಿಲಿಗೆ ಬಂದು ಕೂಗಿದೆ.

"ಸರಿಯಾಗೇ ನೋಡ್ತಿದೀನಿ. ಆ ಗಲ್ಲಕ್ಕೆ ಕೈಯಿಟ್ಟೋರನ್ನ ನಾನು ನೋಡೇ ಇಲ್ಲ" ಎಂದಳು.

ಅಷ್ಟರಲ್ಲಿ ಸಂಜೀವಪ್ಪನ ಗಳಕ್ಕೆ ಎಮ್ಮೆಯೊಂದು ಬೆನ್ನು ಉಜ್ಜಿತು. ಟುಣ್. ನಾನು ಕೋಟು ಬಿಸಾಕಿ, ಲುಂಗಿ ಮೇಲೆ ಕಟ್ಟಿ (ಕೆಳಗೆ ಯಾರಿಗೂ ಕಾಣದೆಂದು ಲುಂಗಿಯನ್ನೇ ಉಟ್ಟಿದ್ದೆ) ಓಡಿದೆ. ಒಂದೊಂದೇ ಗಂಟನ್ನು ಬಿಚ್ಚಿ, ಬಿಗಿದು, ಬೂಸ್ಟರಿಗೆ ಬೈದು, ಎಮ್ಮೆಗೆ ಬೈದು, ಸಂಜೀವಪ್ಪನಿಗೂ ಬೈದು, ಕಡೆಗೆ ಕ್ಯಾಮೆರಾದ ಬಳಿ ಬಂದು ಕೇಬಲ್ಲಿನ ತುದಿಯನ್ನು ಕಿತ್ತು ಒಲೆ ಊದಿದ ಹಾಗೆ ಊದಿದೆ. ಸಿಕ್ಕಿಸಿದೆ. ಬಗ್ಗಿ, ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು, ಲೆನ್ಸಿನೊಳಗೇ ಮುಖವಿಟ್ಟು, "ಬಂತಾ?" ಎಂದೆ.

ಕ್ಲಿಕ್.

ಬೀದಿಯಾಚೆ ನಗುವಿನ ಅಬ್ಬರ ಎದ್ದಿತು. ಅದರ ನಡುವೆ ನೀಲಳದು, ಬಹಳ ದಿನದಿಂದ ನಾನು ಕೇಳದಿದ್ದ ನಗು. "ಹೌದು, ಇವರೇ!" ಎಂದು ಕೂಗಿದಳು. ಓಡಿಹೋಗಿ ನೋಡಿದೆ. ಪೂರ್ತಿ ಬಂದಿದ್ದೆ. ಬದನೆಕಾಯಿಯಂಥ ಮೂಗು, ತೆರೆದ ಬಾಯಿ, ಹಣೆಯ ಬೆವರು, ಹೆಗಲ ಮೇಲಿನ ಮಾಸಿದ ಬನಿಯನ್ನಿನ ತೂತಿನ ಸಮೇತ ಒಂದೇ ಒಂದು ಕೂದಲೂ ತಪ್ಪಿಸಿಕೊಂಡಿರಲಿಲ್ಲ. "ಇನ್ನೊಂದು, ಸ್ವಲ್ಪ ಗಂಭೀರವಾಗಿ ತೆಗೆಯೋಣ" ಎಂದೆ. "ಗಂಭೀರವಾದೋರನ್ನ ನಾನು ಎಲ್ಲಿಂದ ತರಲಿ?" ಎಂದಳು ನೀಲ, ಕಣ್ಣೊರೆಸಿಕೊಳ್ಳುತ್ತಾ.

"ಈಗ ನನ್ನದು" ಎಂದು ಎದ್ದಳು. ನಲ್ಲಿಯಲ್ಲಿ ಮುಖ ತೊಳೆದುಕೊಂಡಳು, ಸೆರಗು ಸರಿಮಾಡಿಕೊಂಡಳು. ಬೀದಿ ದಾಟುವಾಗ ಕೇಬಲ್ಲಿನ ಕೆಳಗೆ ತಲೆ ತಗ್ಗಿಸಿ ಹೋದಳು, ಮದುವೆಯ ಚಪ್ಪರದ ಕೆಳಗೆ ಹೋಗುವ ಹುಡುಗಿಯ ಹಾಗೆ. ನಾನು ಅವಳ ಸ್ಟೂಲಿನ ಮೇಲೆ ಕೂತೆ. ಅದು ಒಂದು ಕಾಲು ಗಿಡ್ಡವಾದ ಸ್ಟೂಲು. ಇಷ್ಟು ವರ್ಷ ಅವಳು ಹೀಗೆ ಓಲಾಡುತ್ತಾ ಕೂತಿದ್ದಳೆಂದು ನನಗೆ ಗೊತ್ತಿರಲಿಲ್ಲ. "ಕೂತ್ರು ಅಮ್ಮೋರು!" ಎಂದು ಸಂಜೀವಪ್ಪ ಕೂಗಿದ. ನಾನು ಉಸ್ತಾದನ ಗತ್ತಿನಿಂದ, ಸುತ್ತ ನಿಂತವರ ಕಡೆಗೊಮ್ಮೆ ನೋಡಿ, ಗುಂಡಿ ಒತ್ತಿದೆ.

ಕೊಳ ಬಂತು, ಹಂಸಗಳು ಬಂದವು, ಕುರ್ಚಿ ಬಂತು. ಕುರ್ಚಿಯ ಮುಂದೆ ಗಾಳಿಯಲ್ಲಿ ಎರಡು ಕೈಗಳು ಬಂದವು. ಉಗುರಿನ ಸಂದಿಯಲ್ಲಿ ಹಿಟ್ಟು, ಎಡಗೈಯಲ್ಲಿ ಬಿರುಕು ಬಿಟ್ಟ ಒಂದು ಹಸಿರು ಬಳೆ, ಬಹಳ ಸ್ಪಷ್ಟ. ತಟ್ಟೆಯ ಮುಂದೆ ದಿನವೂ ಬಂದು ಹೋಗುವ ಕೈಗಳು. ಅಷ್ಟೇ. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಹೌದು, ಇವಳೇ, ಇವಳೇ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಮುಖ ಹೇಗಿರುತ್ತದೆಂದು ನೆನೆಸಿಕೊಳ್ಳಲು ಹೊರಟರೆ ಯಾರ‍್ಯಾರೋ ಮದುವಣಗಿತ್ತಿಯರ ಮುಖಗಳು ಬಂದವು. ಮತ್ತೆ ಒತ್ತಿದೆ. ಮತ್ತೆ ಎರಡು ಕೈ.

"ಬಂತಾ?" ಎಂದು ಆ ಕಡೆಯಿಂದ ಕೂಗಿದಳು.

"ಕೇಬಲ್ ಸ್ವಲ್ಪ ಉದ್ದ ಆಯ್ತು ನೀಲಾ! ಬೂಸ್ಟರ್ ಕೈ ಕೊಡ್ತಿದೆ!" ಎಂದು ಕೂಗಿದೆ.

ಹಿಂದೆ ನಿಂತಿದ್ದ ಹೊನ್ನಜ್ಜಿ ಮೆಲ್ಲನೆ, "ದಾರ ಸರಿಯಾಗೇ ಐತಲ್ಲಪ್ಪಾ. ಹಂಸ ಎಲ್ಲಾ ಬಂದವಲ್ಲ" ಎಂದಳು.

ನೀಲ ಬೀದಿ ದಾಟಿ ಬಂದಳು. ಪರದೆಯನ್ನು ಮುಚ್ಚಿಬಿಡಬೇಕೆಂದು ನನಗೆ ಹೊಳೆಯಿತು, ಆದರೆ ಅವಳದೇ ಸೀರೆಯನ್ನು ಅವಳ ಮೇಲೆ ಎಳೆದಂತೆ ಆಗುತ್ತದೆನಿಸಿ ಕೈ ಏಳಲಿಲ್ಲ. ಅವಳು ನೋಡಿದಳು. ಅಳುತ್ತಾಳೆಂದುಕೊಂಡೆ, ಬೈಯುತ್ತಾಳೆಂದುಕೊಂಡೆ. "ಕೈ ಚೆನ್ನಾಗಿ ಬಂದಿದೆ" ಎಂದಳು. ನನ್ನನ್ನು ಸ್ಟೂಲಿನಿಂದ ಏಳಿಸಿ, ಸ್ವಿಚ್ಚು ಹಾಕಿದಳು. ಮಿಲ್ಲು ಶುರುವಾಯಿತು, ಬೀದಿಯ ಅಂಗಡಿಗಳ ದೀಪಗಳು ಮಂಕಾದವು, ಕಂಪ್ಯೂಟರು ಟುಣ್ ಎಂದಿತು. ನಾನು ಹಿಟ್ಟಿನ ಧೂಳಿನಲ್ಲಿ ನಿಂತೇ ಇದ್ದೆ. ಊರಿನ ಎಲ್ಲರ ಮುಖ ಉಳಿಸಿದವನು ಎಂದು ಭಾನುವಾರ ಚಂದ್ರಮೌಳಿಯವರು ಭಾಷಣ ಮಾಡುವವರಿದ್ದರು. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಭಾನುವಾರ ಆ ಬಾಯಿ ತೆರೆದ ಫೋಟೋವೇ ಗೋಡೆಗೆ ಹೋಯಿತು. ಚಂದ್ರಮೌಳಿಯವರು ಮೂರು ಸಲ ಕನ್ನಡಕ ಒರೆಸಿಕೊಂಡು, "ಬೇರೆ ಯಾವುದೂ ಇಲ್ಲವೇ?" ಎಂದರು. "ನಾನಿರುವುದೇ ಇಷ್ಟು" ಎಂದೆ. ಮಕ್ಕಳು ಅದರ ಮುಂದೆ ನಿಂತು ನನ್ನ ಹಾಗೆ ಬಾಯಿ ತೆರೆದು ನಗುತ್ತಾರೆ. ನಗಲಿ.

ಉದ್ದನೆಯ ಕೇಬಲ್ಲನ್ನು ಬಿಚ್ಚಿ ಸುತ್ತಿದೆ. ಬಿಚ್ಚಿದ ತುಂಡೊಂದರ ಮೇಲೆ ನೀಲ ಈಗ ಚೀಲ ಒಣಹಾಕುತ್ತಾಳೆ. ಉದ್ಘಾಟನೆಯ ಮಾರನೆಯ ಬೆಳಿಗ್ಗೆ ಅವಳು ಮಿಲ್ಲಿನ ಬಾಗಿಲು ತೆಗೆಯುವಾಗ ನಾನೂ ಜೊತೆಗೆ ಹೋದೆ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿಕೊಂಡು, ಗೇಣುದ್ದದ ಕೇಬಲ್ಲು ಜೇಬಿನಲ್ಲಿಟ್ಟುಕೊಂಡು. ಸ್ಟೂಲಿನ ಗಿಡ್ಡ ಕಾಲಿಗೆ ಮರದ ಚಕ್ಕೆ ಕೊಟ್ಟೆ. ನಾನು ಗೋಣಿಚೀಲದ ಮೇಲೆ ಕೂತೆ. ಅವಳು ಕೆಲಸ ಮಾಡುತ್ತಾಳೆ, ನಾನು ನೋಡುತ್ತೇನೆ, ಸಾಲು ಕಡಿಮೆಯಾದಾಗ ಒಂದು ಫೋಟೋ. ಈಗ ದಿನವೂ ಹೀಗೆಯೇ. ಸ್ಟುಡಿಯೋಗೆ ಬಂದವರು ಬೀದಿಯಾಚೆಯಿಂದ ಕೂಗುತ್ತಾರೆ.

ಮೊದಲು ಗಲ್ಲ ಬಂತು. ಆಮೇಲೆ ಎಡಗಿವಿ. "ಬಲಗಡೆ ಓಲೆ ಬೇರೆ ಇದೆ, ಗಮನಿಸಿ" ಎಂದಳು. ನೋಡಿದೆ, ನಿಜವಾಗಿಯೂ ಬೇರೆಯೇ ಇತ್ತು. ಜೊತೆಯದು ಕಳೆದುಹೋಗಿ ಎಷ್ಟೋ ಕಾಲವಾಗಿದೆಯಂತೆ. ಮಾರನೆಯ ದಿನ ಬಲಗಿವಿಯೂ ಬಂತು. ಹುಬ್ಬಿನ ಮೇಲೆ ಒಂದು ಗಾಯದ ಗುರುತು ಬಂದ ದಿನ, "ಇದು ಯಾವಾಗಿನದು?" ಎಂದೆ. "ಮಿಲ್ಲಿನ ಬೆಲ್ಟ್ ಕಿತ್ತು ಹೊಡೀತು. ನೀವು ಯಾರದೋ ಮದುವೆ ಫೋಟೋಗೆ ಹೋಗಿದ್ರಿ" ಎಂದಳು. "ನನಗೆ ಹೇಳಲೇ ಇಲ್ಲವಲ್ಲ." "ಪಟ್ಟಿ ಕಟ್ಕೊಂಡೇ ವಾರ ಪೂರ್ತಿ ಬಡಿಸಿದೆ" ಎಂದಳು. ಮೂಗು, ತುಟಿ, ನೆರೆತ ಬೈತಲೆ ಎಲ್ಲ ಒಂದೊಂದಾಗಿ ಬಂದವು. ಸಾಲಿನಲ್ಲಿ ನಿಂತವರು "ಇವತ್ತೇನು ಬಂತು?" ಎಂದು ಕೇಳಿಯೇ ಡಬ್ಬಿ ಇಡುತ್ತಾರೆ.

ಕಣ್ಣು ಮಾತ್ರ ಬರಲೊಲ್ಲದು. ಎಷ್ಟು ಫೋಟೋ ತೆಗೆದರೂ ಆ ಜಾಗದಲ್ಲಿ ಹಿಂದಿನ ಗೋಡೆಯ ಸುಣ್ಣ. ಮೊನ್ನೆ ನನಗೆ ರೇಗಿ, ಪರದೆಗೆ ಮೂಗು ತಾಗುವ ಹಾಗೆ ಬಗ್ಗಿ ಗುಂಡಿ ಒತ್ತುತ್ತಲೇ ಇದ್ದೆ. ನೀಲ ಬಂದು ಕೇಬಲ್ಲನ್ನು ಎಳೆದು ಕಿತ್ತಳು. ಟುಣ್.

"ಅದನ್ನೇ ನೋಡ್ತಾ ಕೂತ್ರೆ ಕಣ್ಣೆಲ್ಲಿಂದ ಬರುತ್ತೆ ರೀ? ಇಲ್ಲಿ ನೋಡಿ" ಎಂದಳು.

ತಲೆ ಎತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ರೆಪ್ಪೆಯ ಮೇಲೆಲ್ಲ ಹಿಟ್ಟು. ನಾನೂ ನೋಡಿದೆ. ಎಷ್ಟು ಹೊತ್ತೋ ತಿಳಿಯದು.

"ಕಾಳು ಮುಗ್ದು ಬರೀ ಕಲ್ಲೇ ತಿರುಗ್ತಾ ಐತೆ ಕಣವ್ವೋ," ಎಂದು ಹೊನ್ನಜ್ಜಿ ಸಾಲಿನಿಂದ ಕೂಗಿದಳು, "ನನ್ ರಾಗಿ ಸುರುದ್ಬುಟ್ಟು ಆಮೇಲ್ ನೋಡ್ಕಳಿ!"